ನೇಪಾಳದ ಪ್ರಾಂತ್ಯಗಳು ಯಾರಿಗೂ ಬೇಡವಾಗಿದ್ದು ಹೇಗೆ?

2025ರ ಸೆಪ್ಟೆಂಬರ್ 9ರಂದು ಕಾಠ್ಮಂಡುವಿನ ಸಿಂಹದರ್ಬಾರ್ ಹೊತ್ತಿ ಉರಿಯಿತು. ಪ್ರಧಾನಿ ಕಚೇರಿ, ಮಂತ್ರಿಗಳ ಕಚೇರಿ, ಕಡತಗಳು ಎಲ್ಲಾ ಇದ್ದ ಜಾಗ ಅದು. ಸಂಸತ್ ಭವನಕ್ಕೂ ಬೆಂಕಿ ಬಿತ್ತು, ಸುಪ್ರೀಂ ಕೋರ್ಟಿಗೂ ಬಿತ್ತು. ಹಿಂದಿನ ದಿನ ಬೀದಿಗಿಳಿದ ಯುವಜನರ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ 19 ಮಂದಿ ಸತ್ತಿದ್ದರು. ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. 12ನೇ ತಾರೀಕು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಸಂಸತ್ತಿನ ಕೆಳಮನೆ ವಿಸರ್ಜನೆಯಾಯಿತು. 2026ರ ಮಾರ್ಚ್ 5ಕ್ಕೆ ಚುನಾವಣೆ ಎಂದು ಘೋಷಣೆಯಾಯಿತು.

ಈ ಗದ್ದಲದಲ್ಲಿ ಒಂದು ಸಂಗತಿಯನ್ನು ಜಾಸ್ತಿ ಜನ ಗಮನಿಸಲಿಲ್ಲ. ಕೇಂದ್ರದಲ್ಲಿ ಸರ್ಕಾರ ಬಿದ್ದು ಕೆಳಮನೆ ಇಲ್ಲದೇ ಹೋದರೂ 7 ಪ್ರಾಂತ್ಯಗಳ ವಿಧಾನಸಭೆಗಳು ಹಾಗೇ ಉಳಿದವು. 753 ಸ್ಥಳೀಯ ಸರ್ಕಾರಗಳೂ ಉಳಿದವು. ಹಲವು ಊರುಗಳಲ್ಲಿ ವಾರ್ಡ್ ಕಚೇರಿಗಳಿಗೂ ಬೆಂಕಿ ಬಿತ್ತು, ನಿಜ. ಆದರೆ ಊರವರು ಆರಿಸಿದ ಅಧ್ಯಕ್ಷರ, ಮೇಯರ್‌ಗಳ ಅಧಿಕಾರ ಹೋಗಲಿಲ್ಲ. ಹಿಂದಿನ ನೇಪಾಳದಲ್ಲಿ ಕಾಠ್ಮಂಡು ಕುಸಿದರೆ ಆಡಳಿತ ಅನ್ನುವುದೇ ಕುಸಿಯುತ್ತಿತ್ತು. ಈ ಸಲ ಹಾಗಾಗಲಿಲ್ಲ.

ವಿಚಿತ್ರ ಅಂದರೆ, ಅದೇ ಹೊತ್ತಿನಲ್ಲಿ ಇನ್ನೊಂದು ಮಾತೂ ಜೋರಾಯಿತು: "ಈ ಪ್ರಾಂತ್ಯಗಳನ್ನು ತೆಗೆದುಹಾಕಿ." ರಾಜಪ್ರಭುತ್ವ ವಾಪಸ್ ಬರಲಿ ಎನ್ನುವ ರಾಷ್ಟ್ರೀಯ ಪ್ರಜಾತಂತ್ರ ಪಾರ್ಟಿ ಇದನ್ನು ಬಹಳ ಹಿಂದಿನಿಂದ ಹೇಳುತ್ತಿದೆ. 2022ರಲ್ಲಿ ಹೊಸದಾಗಿ ಹುಟ್ಟಿ ಭಾರೀ ಮತ ಗಳಿಸಿದ ರಾಷ್ಟ್ರೀಯ ಸ್ವತಂತ್ರ ಪಾರ್ಟಿ ಆ ವರ್ಷ ಪ್ರಾಂತ್ಯಗಳ ಚುನಾವಣೆಗೆ ಒಬ್ಬ ಅಭ್ಯರ್ಥಿಯನ್ನೂ ನಿಲ್ಲಿಸಲಿಲ್ಲ. ಬೀದಿಯಲ್ಲಿ ಕೇಳಿದರೂ ಇದೇ ಮಾತು. ಏಳು ಮುಖ್ಯಮಂತ್ರಿಗಳು, ಏಳು ಸಂಪುಟ, 550 ಶಾಸಕರು, ಅವರಿಗೆಲ್ಲ ಕಾರು, ಸಂಬಳ, ಭತ್ಯೆ. ಇಷ್ಟೆಲ್ಲ ಯಾಕೆ, ಇವರು ಮಾಡುವುದಾದರೂ ಏನು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಹಣಕಾಸಿನ ಲೆಕ್ಕದಲ್ಲಿ ಮಾತ್ರ ಉತ್ತರ ಹುಡುಕಿದರೆ ತಪ್ಪಾಗುತ್ತದೆ ಎಂಬುದು ನನ್ನ ವಾದ. ನೇಪಾಳದ ಪ್ರಾಂತ್ಯಗಳು ಆಡಳಿತ ಸುಲಭವಾಗಲಿ ಅಂತ ಹುಟ್ಟಿದವಲ್ಲ. ಜಗಳ ನಿಲ್ಲಿಸಲು ಮಾಡಿಕೊಂಡ ರಾಜಿಯಲ್ಲಿ ಅವು ಒಂದು ಷರತ್ತು. ಆ ಷರತ್ತನ್ನು ಅರ್ಧ ಮಾತ್ರ ಪಾಲಿಸಿ, ಕೆಲಸ ಮಾಡುತ್ತಿಲ್ಲ ಎಂದು ದೂರುವುದು ಸುಲಭ. ಕಿತ್ತುಹಾಕಿದರೆ ಏನಾಗುತ್ತದೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಂದೂಕು ತಂದದ್ದು, ಬೀದಿ ತಂದದ್ದು

1996ರ ಫೆಬ್ರವರಿಯಲ್ಲಿ ಮಾವೋವಾದಿ ನಾಯಕ ಬಾಬುರಾಮ್ ಭಟ್ಟರಾಯ್ ಅವರು ಪ್ರಧಾನಿ ಶೇರ್ ಬಹದ್ದೂರ್ ದೇವುಬಾ ಅವರಿಗೆ 40 ಬೇಡಿಕೆಗಳ ಪಟ್ಟಿ ಕೊಟ್ಟರು. ರಾಜನ ವಿಶೇಷಾಧಿಕಾರ ಹೋಗಬೇಕು, ಭೂಮಿ ಉಳುವವನಿಗೆ ಸಿಗಬೇಕು, ಜನಾಂಗಗಳು ಬಹುಸಂಖ್ಯೆಯಲ್ಲಿ ಇರುವ ಕಡೆ ಸ್ವಾಯತ್ತ ಆಡಳಿತ ಬೇಕು, ತರಾಯಿ ಬಯಲಿನ ಜನರ ಮೇಲಿನ ತಾರತಮ್ಯ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿತ್ತು. ಕೆಲವೇ ದಿನಗಳಲ್ಲಿ, 13ರಂದು, ಮಾವೋವಾದಿಗಳು ರೋಲ್ಪಾ, ರುಕುಮ್ ಮುಂತಾದ ಕಡೆ ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು. ಹತ್ತು ವರ್ಷದ ಯುದ್ಧ ಹಾಗೆ ಶುರುವಾಯಿತು. ಸುಮಾರು 17 ಸಾವಿರ ಜನ ಸತ್ತರು. 1,300ಕ್ಕೂ ಹೆಚ್ಚು ಮಂದಿ ಎಲ್ಲಿ ಹೋದರು ಅನ್ನುವುದು ಇವತ್ತಿಗೂ ಗೊತ್ತಿಲ್ಲ.

ಅಷ್ಟು ಜನ ಯಾಕೆ ಆ ದಾರಿ ಹಿಡಿದರು ಅನ್ನುವುದಕ್ಕೆ ಬಡತನ ಒಂದೇ ಕಾರಣ ಅಲ್ಲ. 1854ರಲ್ಲಿ ಜಂಗ್ ಬಹದ್ದೂರ್ ರಾಣಾ ತಂದ ಮುಲುಕಿ ಐನ್ ಎಂಬ ಕಾನೂನು ಇಡೀ ದೇಶದ ಜನರನ್ನು ಜಾತಿಯ ಮೆಟ್ಟಿಲುಗಳ ಮೇಲೆ ಕೂರಿಸಿತ್ತು. 1960ರಲ್ಲಿ ರಾಜ ಮಹೇಂದ್ರ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿ, ಪಕ್ಷಗಳನ್ನು ನಿಷೇಧಿಸಿ, ಒಂದೇ ಭಾಷೆ, ಒಂದೇ ವೇಷ ಎಂಬ ದೇಶ ಕಟ್ಟಲು ಹೊರಟ. 2021ರ ಜನಗಣತಿಯ ಪ್ರಕಾರ ನೇಪಾಳದಲ್ಲಿ 124 ಭಾಷೆಗಳಿವೆ. ನೇಪಾಳಿಯನ್ನು ತಾಯ್ನುಡಿಯಾಗಿ ಆಡುವವರು ಅರ್ಧಕ್ಕಿಂತ ಕಡಿಮೆ. ಆದರೆ ಕಚೇರಿ, ಕೋರ್ಟು, ಸೈನ್ಯ, ಪತ್ರಿಕೆ ಎಲ್ಲ ಕಡೆ ಕುರ್ಚಿ ಬೆಟ್ಟದ ಮೇಲ್ಜಾತಿಯ ಗಂಡಸರದ್ದು.

2006ರ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದರು, ರಾಜ ಜ್ಞಾನೇಂದ್ರ ಸೋತ. ಅದೇ ವರ್ಷ ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಮತ್ತು ಮಾವೋವಾದಿಗಳ ಮುಖ್ಯಸ್ಥ ಪ್ರಚಂಡ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಬಂದೂಕುಗಳು ವಿಶ್ವಸಂಸ್ಥೆಯ ಕಾವಲಿನಲ್ಲಿ ಕಂಟೈನರ್ ಸೇರಿದವು. 19,602 ಮಾವೋವಾದಿ ಸೈನಿಕರನ್ನು ವಿಶ್ವಸಂಸ್ಥೆ ಪಟ್ಟಿ ಮಾಡಿತು. ಕೊನೆಗೆ ಸೈನ್ಯಕ್ಕೆ ಸೇರಿದವರು ಸುಮಾರು 1,400 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ದುಡ್ಡು ತೆಗೆದುಕೊಂಡು ಮನೆಗೆ ಹೋದರು.

ಇಲ್ಲಿ ಒಂದು ತಿರುವಿದೆ. ಮಾವೋವಾದಿಗಳು ಯುದ್ಧ ಮಾಡಿದ್ದರಿಂದ ಒಕ್ಕೂಟ ವ್ಯವಸ್ಥೆ ಬಂತು ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. 2007ರ ಜನವರಿ 15ರಂದು ಬಂದ ಮಧ್ಯಂತರ ಸಂವಿಧಾನಕ್ಕೆ ಮಾವೋವಾದಿಗಳೂ ಒಪ್ಪಿಗೆಯ ಕೈ ಎತ್ತಿದ್ದರು. ಅದರಲ್ಲಿ ಒಕ್ಕೂಟದ ಮಾತೇ ಇರಲಿಲ್ಲ. ಮರುದಿನ ತರಾಯಿ ಬಯಲಿನ ನಾಯಕ ಉಪೇಂದ್ರ ಯಾದವ್ ಮತ್ತು ಸಂಗಡಿಗರು ಕಾಠ್ಮಂಡುವಿನಲ್ಲೇ ಆ ಸಂವಿಧಾನದ ಪ್ರತಿ ಸುಟ್ಟು ಜೈಲಿಗೆ ಹೋದರು. ಕೆಲವೇ ದಿನಗಳಲ್ಲಿ ಲಹಾನ್ ಪಟ್ಟಣದಲ್ಲಿ ಮಾವೋವಾದಿಗಳ ಗುಂಡಿಗೆ ಒಬ್ಬ ಹುಡುಗ ಸತ್ತ. ಬಿಹಾರ, ಉತ್ತರ ಪ್ರದೇಶಗಳ ಗಡಿಗೆ ಅಂಟಿಕೊಂಡ ಇಡೀ ಬಯಲು ಸೀಮೆ, ಅಂದರೆ ಮಧೇಸ್, ಹೊತ್ತಿಕೊಂಡಿತು. ವಾರಗಟ್ಟಲೆ ಹೆದ್ದಾರಿ ಬಂದ್. ಆಮೇಲೆ ಪ್ರಧಾನಿ ಕೊಯಿರಾಲಾ ಒಕ್ಕೂಟ ವ್ಯವಸ್ಥೆಯ ಮಾತು ಕೊಟ್ಟರು, ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಹಾಗಾಗಿ ಯುದ್ಧ ಮುಗಿಸಿದ ಒಪ್ಪಂದದ ಮೇಲೆ ಇನ್ನೊಂದು ಒಪ್ಪಂದ ಕೂತಿದೆ. ಮೊದಲನೆಯದು ಬಂದೂಕು ಹಿಡಿದವರ ಜೊತೆ. ಎರಡನೆಯದು, ಈ ದೇಶ ನಮ್ಮದೂ ಹೌದೋ ಅಲ್ಲವೋ ಅಂತ ಬೀದಿಯಲ್ಲಿ ನಿಂತು ಕೇಳಿದವರ ಜೊತೆ. ಪ್ರಾಂತ್ಯ ಅನ್ನುವುದು ಈ ಎರಡನೆಯದರ ಫಲ.

ನಕ್ಷೆ ಬರೆದವರು ಯಾರು

2008ರಲ್ಲಿ 601 ಜನರ ಸಂವಿಧಾನ ಸಭೆ ಬಂತು. ಮೇ 28ರಂದು ಗಣರಾಜ್ಯದ ಘೋಷಣೆಯಾಯಿತು. ಪರ 560 ಮತ, ವಿರುದ್ಧ 4. ರಾಜನನ್ನು ಇಳಿಸುವುದು ಒಂದು ಸಂಜೆಯ ಕೆಲಸವಾಯಿತು, ಪ್ರಾಂತ್ಯದ ಗಡಿ ಎಳೆಯುವುದು ನಾಲ್ಕು ವರ್ಷವಾದರೂ ಮುಗಿಯಲಿಲ್ಲ. ಸಭೆಯ ಒಂದು ಸಮಿತಿ 14 ಪ್ರಾಂತ್ಯ ಎಂದಿತು. ತಜ್ಞರ ಆಯೋಗದ ಬಹುಮತ 11 ಎಂದಿತು, ಅಲ್ಪಮತ 6 ಎಂದಿತು. ಲಿಂಬುವಾನ್, ತಮುವಾನ್, ಮಗರಾತ್, ಥಾರುಹಟ್ ಅಂತ ಜನಾಂಗದ ಗುರುತಿನ ಮೇಲೆ ಪ್ರಾಂತ್ಯ ಬೇಕು ಅನ್ನುವವರು ಒಂದು ಕಡೆ. ಹಾಗೆ ಮಾಡಿದರೆ ದೇಶ ಚೂರಾಗುತ್ತದೆ ಅನ್ನುವವರು ಇನ್ನೊಂದು ಕಡೆ. 2012ರ ಮೇನಲ್ಲಿ ಸಂವಿಧಾನ ಬರೆಯದೆಯೇ ಸಭೆ ಸತ್ತಿತು.

ಭಾಷೆಯ ಮೇಲೆ ರಾಜ್ಯ ಮಾಡಿದರೆ ದೇಶ ಒಡೆಯುತ್ತದೆ ಅಂತ 1950ರ ದಶಕದಲ್ಲಿ ದೆಹಲಿಯಲ್ಲೂ ಹೇಳುತ್ತಿದ್ದರು. 1956ರಲ್ಲಿ ಕನ್ನಡ ನಾಡು ಒಂದಾಯಿತು, ದೇಶವೇನೂ ಒಡೆಯಲಿಲ್ಲ. ಹಾಗಂತ ನಮ್ಮ ಅನುಭವವನ್ನು ಅಲ್ಲಿಗೆ ಹಾಗೇ ಹೊತ್ತುಕೊಂಡು ಹೋಗಲೂ ಬರುವುದಿಲ್ಲ. ನೇಪಾಳದ ಬೆಟ್ಟಗಳಲ್ಲಿ ಒಂದೇ ಕಣಿವೆಯಲ್ಲಿ ನಾಲ್ಕೈದು ಸಮುದಾಯ ಕೂಡಿ ಬಾಳುತ್ತವೆ. ಒಂದೊಂದು ಸಮುದಾಯಕ್ಕೆ ಒಂದೊಂದು ಪ್ರಾಂತ್ಯ ಕತ್ತರಿಸಿ ಕೊಡುವಷ್ಟು ನೆಲ ಎಲ್ಲೂ ಬೇರೆ ಬೇರೆಯಾಗಿಲ್ಲ. ಆ ಭಯಕ್ಕೆ ಸ್ವಲ್ಪ ಆಧಾರ ಇತ್ತು. ಆದರೆ ಆ ಭಯವನ್ನು ಜೋರಾಗಿ ಹೇಳುತ್ತಿದ್ದವರು ಹಳೆಯ ವ್ಯವಸ್ಥೆಯಲ್ಲಿ ಸುಖವಾಗಿದ್ದವರೇ ಅನ್ನುವುದನ್ನೂ ಮರೆಯುವ ಹಾಗಿಲ್ಲ.

2013ರಲ್ಲಿ ಎರಡನೇ ಸಭೆ ಬಂತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9 ಸಾವಿರ ಜನ ಸತ್ತರು. ಆ ದುಃಖದ ಹೊತ್ತಿನಲ್ಲಿ ದೊಡ್ಡ ಪಕ್ಷಗಳ ನಾಯಕರು ಲಗುಬಗೆಯಿಂದ ಕೂತು ಜೂನ್‌ನಲ್ಲಿ 16 ಅಂಶಗಳ ಒಪ್ಪಂದ ಮಾಡಿಕೊಂಡರು. ಮೊದಲು ಎಂಟು ಪ್ರಾಂತ್ಯ ಎಂದರು. ಆಗಸ್ಟ್‌ನಲ್ಲಿ ಆರು ಎಂದರು. ಸುರ್ಖೇತ್, ಜುಮ್ಲಾ ಕಡೆ ಕರ್ಣಾಲಿಯ ಜನ ದಂಗೆ ಎದ್ದ ಮೇಲೆ ಏಳು ಎಂದರು. ಎಂಟಾಗಿ, ಆರಾಗಿ, ಏಳಾಯಿತು. ಇದನ್ನು ನೋಡಿದ ಯಾರಿಗಾದರೂ ಅನಿಸುವುದು ಒಂದೇ: ಗಲಾಟೆ ಮಾಡಿದರೆ ಗಡಿ ಬದಲಾಗುತ್ತದೆ.

ಥಾರೂ ಜನಕ್ಕೂ ಹಾಗೇ ಅನಿಸಿತು. ಇವರ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಶ್ಚಿಮ ತರಾಯಿಯ ಮೂಲ ನಿವಾಸಿಗಳು ಇವರು. ಮಲೇರಿಯಾ ಕಡಿಮೆಯಾದ ಮೇಲೆ ಬೆಟ್ಟದಿಂದ ಬಂದವರು ಇವರ ಭೂಮಿ ಹಿಡಿದರು. ಸ್ವಂತ ನೆಲದಲ್ಲೇ ಇವರು ಕಮೈಯಾಗಳಾದರು, ಅಂದರೆ ಜೀತದಾಳುಗಳು. ಜೀತ ಕಾನೂನಿನಲ್ಲಿ ಹೋದದ್ದು 2000ನೇ ಇಸವಿಯಲ್ಲಿ. ಯುದ್ಧದಲ್ಲಿ ಜನ ಕಾಣೆಯಾದ ಜಿಲ್ಲೆಗಳಲ್ಲಿ ಬರ್ದಿಯಾಗೆ ಮೊದಲ ಸ್ಥಾನ. ಅಲ್ಲಿ 200ಕ್ಕೂ ಹೆಚ್ಚು ಮಂದಿ ಕಾಣೆಯಾದರು, ಬಹುಪಾಲು ಥಾರೂಗಳು, ಬಹುಪಾಲು ಜನರನ್ನು ಎತ್ತಿಕೊಂಡು ಹೋದದ್ದು ಭದ್ರತಾ ಪಡೆಗಳು. ಅಂಥ ಸಮುದಾಯಕ್ಕೆ ಶಾಂತಿಯ ಹೆಸರಿನಲ್ಲಿ ಸಿಕ್ಕಿದ ನಕ್ಷೆ ಹೇಗಿತ್ತು ಗೊತ್ತೇ? ಕೈಲಾಲಿ, ಕಂಚನ್‌ಪುರ್ ಜಿಲ್ಲೆಗಳು ಬೆಟ್ಟದ ಜಿಲ್ಲೆಗಳ ಜೊತೆ ಸೇರಿ ಒಂದು ಪ್ರಾಂತ್ಯಕ್ಕೆ. ಬರ್ದಿಯಾ, ಬಾಂಕೆ, ದಾಂಗ್ ಇನ್ನೊಂದು ಪ್ರಾಂತ್ಯಕ್ಕೆ. ಎರಡೂ ಕಡೆ ಇವರು ಅಲ್ಪಸಂಖ್ಯಾತರು.

2015ರ ಆಗಸ್ಟ್ 24ರಂದು ಕೈಲಾಲಿಯ ಟಿಕಾಪುರದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಹಿರಿಯ ಅಧಿಕಾರಿ ಸೇರಿ ಹಲವು ಪೊಲೀಸರು ಸತ್ತರು, ಒಂದು ಪುಟ್ಟ ಮಗುವೂ ಸತ್ತಿತು. ಆಮೇಲೆ ಥಾರೂಗಳ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಈ ಪ್ರಕರಣದಲ್ಲಿ ಮುಂದೆ ಜೀವಾವಧಿ ಶಿಕ್ಷೆಯಾದ ಥಾರೂ ನಾಯಕ ರೇಶಮ್ ಚೌಧರಿ 2017ರಲ್ಲಿ ತಲೆಮರೆಸಿಕೊಂಡೇ ಸಂಸತ್ತಿಗೆ ಗೆದ್ದರು. 2023ರಲ್ಲಿ ರಾಷ್ಟ್ರಪತಿಗಳ ಕ್ಷಮಾದಾನದಿಂದ ಹೊರಬಂದರು. ಅವರ ಸುತ್ತ ಕಟ್ಟಿದ ನಾಗರಿಕ್ ಉನ್ಮುಕ್ತಿ ಪಾರ್ಟಿ 2022ರಲ್ಲಿ ಸಂಸತ್ತಿಗೆ ಹೋಯಿತು. ಸತ್ತ ಪೊಲೀಸರ ಕುಟುಂಬಗಳಿಗೆ ಈ ಕ್ಷಮಾದಾನ ಹೇಗೆ ಕಂಡಿರಬಹುದು? ಅದೂ ಕೇಳಬೇಕಾದ ಪ್ರಶ್ನೆಯೇ.

ಮಾವೋವಾದಿಗಳ ತವರಿಗೂ ಇದೇ ಗತಿ. ಯುದ್ಧದಲ್ಲಿ ಒಂದೇ ಕೋಟೆಯಂತಿದ್ದ ರೋಲ್ಪಾ–ರುಕುಮ್ ಸೀಮೆಯಲ್ಲಿ ರುಕುಮ್ ಜಿಲ್ಲೆಯನ್ನು ಎರಡು ಮಾಡಿದರು. ಪೂರ್ವ ಭಾಗ ರೋಲ್ಪಾದ ಜೊತೆ ಲುಂಬಿನಿ ಪ್ರಾಂತ್ಯಕ್ಕೆ ಹೋಯಿತು, ಪಶ್ಚಿಮ ಭಾಗ ಕರ್ಣಾಲಿಗೆ ಹೋಯಿತು. ಮಗರಾತ್ ಅನ್ನುವ ಕನಸು ನಕ್ಷೆಯಲ್ಲಿ ಎಲ್ಲೂ ಇಲ್ಲ. ಮಧೇಸಿಗಳಿಗೆ ಸಪ್ತರಿಯಿಂದ ಪರ್ಸಾವರೆಗಿನ ಎಂಟು ಜಿಲ್ಲೆಗಳು ಮಾತ್ರ ಒಂದೇ ಪ್ರಾಂತ್ಯವಾಗಿ ಸಿಕ್ಕವು. ಝಾಪಾ, ಮೊರಂಗ್, ಸುನ್ಸರಿ ಪೂರ್ವದ ಬೆಟ್ಟಗಳ ಜೊತೆ ಸೇರಿದವು.

ಸೆಪ್ಟೆಂಬರ್ 20ಕ್ಕೆ ಸಂವಿಧಾನ ಜಾರಿಗೆ ಬಂತು. 507 ಮತ ಪರ. ಮಧೇಸಿ ಪಕ್ಷಗಳು ಮತದಾನಕ್ಕೇ ಹೋಗಲಿಲ್ಲ. ಕಾಠ್ಮಂಡುವಿನಲ್ಲಿ ದೀಪ ಹಚ್ಚಿದರು, ಮಧೇಸಿನ ಜನಕ್‌ಪುರದ ಕಡೆ ಆ ರಾತ್ರಿ ದೀಪ ಆರಿಸಿ ಕೂತರು. ಗಡಿಯಲ್ಲಿ ಸುಮಾರು ಐದು ತಿಂಗಳು ಸರಕು ಸಾಗಣೆ ನಿಂತಿತು. ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಚಳಿಗಾಲದಲ್ಲಿ ಅಡುಗೆ ಅನಿಲವೂ ಇಲ್ಲ, ಔಷಧವೂ ಇಲ್ಲ. ಭಾರತವೇ ದಿಗ್ಬಂಧನ ಹಾಕಿದೆ ಎಂದು ಕಾಠ್ಮಂಡು ಹೇಳಿತು. ಪ್ರತಿಭಟನೆಯಿಂದ ಲಾರಿಗಳು ನಿಂತಿವೆ ಅಷ್ಟೇ ಎಂದು ದೆಹಲಿ ಹೇಳಿತು. ಮಧೇಸಿಗಳಿಗೆ ಇದರಿಂದ ಆದದ್ದು ನಷ್ಟವೇ. ಅವರ ನ್ಯಾಯವಾದ ಕೂಗಿಗೆ "ಭಾರತದ ಏಜೆಂಟರು" ಎಂಬ ಹಣೆಪಟ್ಟಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು.

ಕೇಳಿದ್ದು ಪ್ರಾಂತ್ಯ, ಸಿಕ್ಕಿದ್ದು ಪಾಲಿಕಾ

ಯಾರೂ ಜಾಸ್ತಿ ಜಗಳ ಮಾಡದೇ ಇದ್ದ ಕಡೆ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು. ಸಂವಿಧಾನದ 8ನೇ ಅನುಸೂಚಿ 22 ಅಧಿಕಾರಗಳನ್ನು ನೇರವಾಗಿ ಸ್ಥಳೀಯ ಸರ್ಕಾರಗಳಿಗೆ ಬರೆದುಕೊಟ್ಟಿತು. ಪ್ರೌಢಶಾಲೆವರೆಗಿನ ಶಿಕ್ಷಣ, ಪ್ರಾಥಮಿಕ ಆರೋಗ್ಯ, ಹಳ್ಳಿ ರಸ್ತೆ, ಸ್ಥಳೀಯ ತೆರಿಗೆ, ಕಡೆಗೆ ಎಫ್‌ಎಂ ರೇಡಿಯೊ ಕೂಡ. ಗಾಂವ್‌ಪಾಲಿಕಾ, ನಗರಪಾಲಿಕಾ ಅಂತ ಕರೆಯುವ ಇವು ತಮ್ಮದೇ ಕಾನೂನು ಮಾಡಬಹುದು. ಇದನ್ನು ಯಾವ ಮೇಲಿನ ಸರ್ಕಾರವೂ ಆದೇಶ ಹೊರಡಿಸಿ ಕಿತ್ತುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಪಂಚಾಯತಿಗೆ ಏನು ಕೊಡಬೇಕು ಅನ್ನುವುದು ರಾಜ್ಯ ಸರ್ಕಾರದ ಮರ್ಜಿ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ವಿಕೇಂದ್ರೀಕರಣದ ಬಗ್ಗೆ ನೇಪಾಳಕ್ಕೆ ಪಾಠ ಹೇಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು, ಅಲ್ವಾ?

2017ರಲ್ಲಿ ಇಪ್ಪತ್ತು ವರ್ಷಗಳ ನಂತರ ಸ್ಥಳೀಯ ಚುನಾವಣೆ ನಡೆಯಿತು. ಪ್ರತಿ ವಾರ್ಡಿನಿಂದ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಅವರಲ್ಲಿ ಇಬ್ಬರು ಮಹಿಳೆಯರು, ಆ ಇಬ್ಬರಲ್ಲಿ ಒಬ್ಬರು ದಲಿತ ಮಹಿಳೆ ಇರಲೇಬೇಕು. ಹೀಗಾಗಿ ಒಂದೇ ಸಲಕ್ಕೆ ಆರೂವರೆ ಸಾವಿರ ದಲಿತ ಮಹಿಳೆಯರು ಗೆದ್ದು ಬಂದರು. ಪಾಲಿಕಾದ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಪಕ್ಷವೊಂದು ಇಬ್ಬರನ್ನು ನಿಲ್ಲಿಸಿದರೆ ಒಬ್ಬರು ಮಹಿಳೆಯಾಗಬೇಕು ಎಂಬ ನಿಯಮವೂ ಇತ್ತು. ಪಕ್ಷಗಳು ದೊಡ್ಡ ಕುರ್ಚಿಯನ್ನು ಗಂಡಸರಿಗೆ ಇಟ್ಟುಕೊಂಡು ಉಪಾಧ್ಯಕ್ಷ ಸ್ಥಾನವನ್ನು ಹೆಂಗಸರಿಗೆ ಬಿಟ್ಟವು. ಅಲ್ಲಿ ಗೆದ್ದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಹಿಳೆಯರು.

ಆ ಸಣ್ಣ ಕುರ್ಚಿಗೆ ಒಂದು ದೊಡ್ಡ ಕೆಲಸ ಅಂಟಿಕೊಂಡಿತ್ತು. ಸಂವಿಧಾನದ 217ನೇ ವಿಧಿಯ ಪ್ರಕಾರ ಪ್ರತಿ ಪಾಲಿಕಾದಲ್ಲಿ ಮೂವರ ನ್ಯಾಯಿಕ ಸಮಿತಿ ಇರುತ್ತದೆ, ಅದರ ಮುಖ್ಯಸ್ಥರು ಉಪಾಧ್ಯಕ್ಷರೇ. ಯಾವ ತಕರಾರು ಇವರ ಮುಂದೆ ಬರುತ್ತವೆ ಅಂತ ಕಾನೂನಿನಲ್ಲಿ ಬರೆದಿರುವುದನ್ನು ಓದಬೇಕು. ಹೊಲದ ಬದು, ಕಾಲುವೆ ನೀರಿನ ಸರದಿ, ಪೈರು ಮೇಯ್ದ ದನ, ಕೊಡದೇ ಉಳಿಸಿಕೊಂಡ ಕೂಲಿ, ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳದ ಮಕ್ಕಳು, ಪಕ್ಕದ ಮನೆ ಸೂರಿನಿಂದ ನಮ್ಮ ಅಂಗಳಕ್ಕೆ ಬೀಳುವ ನೀರು. ತೀರ್ಪು ಒಪ್ಪಿಗೆಯಾಗದಿದ್ದರೆ ಜಿಲ್ಲಾ ಕೋರ್ಟಿಗೆ ಹೋಗಬಹುದು.

ಇವು ಸುಮ್ನೆ ಸಣ್ಣ ಪುಟ್ಟ ಜಗಳಗಳು ಅನಿಸಬಹುದು. ಆದರೆ ಯುದ್ಧ ಬೇರು ಬಿಟ್ಟದ್ದು ಇಲ್ಲಿಯೇ. ಜಿಲ್ಲಾ ಕೇಂದ್ರದ ಕೋರ್ಟಿಗೆ ಬೆಟ್ಟ ಇಳಿದು ಹತ್ತಿ ದಿನಗಟ್ಟಲೆ ನಡೆಯಬೇಕಿದ್ದ ಕಾಲದಲ್ಲಿ ಮಾವೋವಾದಿಗಳು ಹಳ್ಳಿಯಲ್ಲೇ ಜನ ಅದಾಲತ್ ನಡೆಸಿದರು. ಕುಡುಕ ಗಂಡನಿಗೆ, ಬಡ್ಡಿ ಸಾಹುಕಾರನಿಗೆ ಅಲ್ಲೇ ಶಿಕ್ಷೆ. ಆ ನ್ಯಾಯ ಕ್ರೂರವಾಗಿತ್ತು, ಆದರೆ ಕೈಗೆಟುಕುತ್ತಿತ್ತು. ಸರ್ಕಾರದ ಗ್ರಾಮ ಕಾರ್ಯದರ್ಶಿಗಳು ಆಗ ಜೀವ ಉಳಿಸಿಕೊಳ್ಳಲು ಜಿಲ್ಲಾ ಕೇಂದ್ರಕ್ಕೆ ಓಡಿಹೋಗಿದ್ದರು. ಬಂದೂಕಿನವರು ತುಂಬಿದ್ದ ಆ ಖಾಲಿ ಜಾಗದಲ್ಲಿ ಈಗ ಊರವರೇ ಆರಿಸಿದ ಒಬ್ಬ ಹೆಂಗಸು ಕೂತಿದ್ದಾಳೆ. ಶಾಂತಿ ಕಟ್ಟುವುದು ಅಂದರೆ ಏನು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಸಮಿತಿಯನ್ನು.

ಇದೆಲ್ಲ ಚಂದವೇ ಅಂತಲ್ಲ. ಉಪಾಧ್ಯಕ್ಷರಿಗೆ ಕಾನೂನಿನ ತರಬೇತಿ ಕಡಿಮೆ, ಪಕ್ಷದವರ ಒತ್ತಡ ಜಾಸ್ತಿ. 2022ರಲ್ಲಿ ಪಕ್ಷಗಳು ಮೈತ್ರಿ ಮಾಡಿಕೊಂಡು ಒಂದೊಂದೇ ಸ್ಥಾನಕ್ಕೆ ಸ್ಪರ್ಧಿಸಿದವು. ಒಬ್ಬರನ್ನೇ ನಿಲ್ಲಿಸಿದರೆ ಮಹಿಳೆಯ ನಿಯಮ ಅನ್ವಯಿಸುವುದಿಲ್ಲ. ಉಪಾಧ್ಯಕ್ಷೆಯರ ಸಂಖ್ಯೆ ಇಳಿಯಿತು. ಇನ್ನು ಊರೂರಲ್ಲಿ ಜನ ನಗುವ "ಡೋಜರ್ ವಿಕಾಸ" ಬೇರೆ. ಅಧ್ಯಕ್ಷನದ್ದೋ ಅವನ ಕಡೆಯವನದ್ದೋ ಒಂದು ಜೆಸಿಬಿ ಇರುತ್ತದೆ. ಗುಡ್ಡ ಕೊರೆದು ರಸ್ತೆ ಮಾಡುತ್ತಾರೆ, ಮಳೆಗಾಲದಲ್ಲಿ ಗುಡ್ಡವೇ ರಸ್ತೆಗೆ ಬರುತ್ತದೆ. "ಹಳ್ಳಿ ಹಳ್ಳಿಗೆ ಸಿಂಹದರ್ಬಾರ್" ಎಂಬುದು ಆಗಿನ ಘೋಷಣೆ. ಅಧಿಕಾರದ ಜೊತೆ ಅಲ್ಲಿನ ಲಂಚವೂ ಬಂತು ಅಂತ ಜನ ಗೊಣಗುತ್ತಾರೆ.

ಆದರೂ ಹೊಸ ನಾಯಕರು ಬಂದದ್ದು ಇಲ್ಲಿಂದಲೇ. 2022ರಲ್ಲಿ ಕಾಠ್ಮಂಡುವಿನಲ್ಲಿ ಬಾಲೇನ್ ಶಾ, ಧರಾನ್‌ನಲ್ಲಿ ಹರ್ಕ ಸಂಪಾಂಗ್ ಯಾವ ಪಕ್ಷವೂ ಇಲ್ಲದೆ ಮೇಯರ್ ಆದರು. 2025ರ ಸೆಪ್ಟೆಂಬರ್ ದಂಗೆಯಲ್ಲಿ ಯುವಕರು ನಾಯಕತ್ವಕ್ಕೆ ಕೂಗಿ ಕರೆದ ಹೆಸರುಗಳಲ್ಲಿ ಬಾಲೇನ್ ಅವರದ್ದು ಮುಂದಿತ್ತು.

ಕೈಕಾಲು ಕಟ್ಟಿ ಓಡು ಅಂದರೆ

ಈಗ ಪ್ರಾಂತ್ಯದ ವಿಷಯ. ಸಂವಿಧಾನದ 6ನೇ ಅನುಸೂಚಿಯಲ್ಲಿ ಪ್ರಾಂತ್ಯದ ಅಧಿಕಾರಗಳ ಪಟ್ಟಿಯಿದೆ. ಮೊದಲ ಸಾಲಿನಲ್ಲೇ ಇರುವುದು ಪ್ರಾಂತ್ಯದ ಪೊಲೀಸ್ ಮತ್ತು ಶಾಂತಿ ವ್ಯವಸ್ಥೆ. ಮಧೇಸ್ ಪ್ರಾಂತ್ಯ 2018ರಲ್ಲಿಯೇ ತನ್ನ ಪೊಲೀಸ್ ಕಾನೂನು ಮಾಡಿತು. ಕಾಠ್ಮಂಡು ಸಿಟ್ಟಾಯಿತು. ಕೇಂದ್ರವೇ 2020ರಲ್ಲಿ ಕಾನೂನು ತಂದಿತು. ಸಿಬ್ಬಂದಿಯ ಹಂಚಿಕೆ ಮಾತ್ರ ಮುಂದೆ ಹೋಗುತ್ತಲೇ ಬಂತು. ಜಿಲ್ಲೆಯಲ್ಲಿ ಗಲಾಟೆಯಾದರೆ ಮುಖ್ಯಮಂತ್ರಿ ಏನೂ ಮಾಡುವ ಹಾಗಿಲ್ಲ. ಕರ್ಫ್ಯೂ ಹಾಕುವುದು, ಗುಂಡು ಹಾರಿಸಲು ಹೇಳುವುದು, ಪೌರತ್ವದ ಪತ್ರಕ್ಕೆ ಸಹಿ ಹಾಕುವುದು ಎಲ್ಲ ಸಿಡಿಒ, ಅಂದರೆ ಪ್ರಮುಖ ಜಿಲ್ಲಾ ಅಧಿಕಾರಿ. ಅವರು ಗೃಹ ಸಚಿವಾಲಯದ ಆಳು, ಪಕ್ಷಗಳನ್ನು ನಿಷೇಧಿಸಿ ರಾಜರೇ ಆಳುತ್ತಿದ್ದ ಪಂಚಾಯತ್ ಕಾಲದಿಂದ ಬಂದ ಹುದ್ದೆ ಅದು.

ಮಧೇಸಿಗೆ ಇದು ಪುಸ್ತಕದ ಮಾತಲ್ಲ. ಅಪ್ಪನಿಗೆ ಹುಟ್ಟಿನಿಂದ ಬಂದ ಪೌರತ್ವ ಇದ್ದರೂ ಮಗನಿಗೆ ಪತ್ರ ಸಿಗದೆ ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಅಲೆದಿವೆ. ಪತ್ರ ಇಲ್ಲದಿದ್ದರೆ ಬ್ಯಾಂಕ್ ಖಾತೆ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಸಿಮ್ ಕಾರ್ಡೂ ಇಲ್ಲ. ವಾರ್ಡ್ ಅಧ್ಯಕ್ಷ ಸಿಫಾರಿಸ್ ಬರೆದುಕೊಡುತ್ತಾನೆ. ಅದನ್ನು ಹಿಡಿದು ಹೋಗಿ ನಿಲ್ಲಬೇಕಾದದ್ದು ತನ್ನ ಭಾಷೆ ಬಾರದ ಅದೇ ಹಳೆಯ ಅಧಿಕಾರಿಯ ಮುಂದೆ. ಕಾನೂನು ಸರಿಯಾದದ್ದು 2023ರಲ್ಲಿ. ನಡುವೆ ಇರುವ ಪ್ರಾಂತ್ಯಕ್ಕೆ ಈ ವಿಷಯದಲ್ಲಿ ಪಾತ್ರವೇ ಇಲ್ಲ.

ಸಿಬ್ಬಂದಿಯ ಕಥೆಯೂ ಹೀಗೇ. ಒಕ್ಕೂಟದ ನಾಗರಿಕ ಸೇವಾ ಕಾಯ್ದೆ ವರ್ಷದಿಂದ ವರ್ಷಕ್ಕೆ ಸಂಸತ್ತಿನಲ್ಲಿ ಕೊಳೆಯಿತು. ಪ್ರಾಂತ್ಯದ ಪ್ರಧಾನ ಕಾರ್ಯದರ್ಶಿಯನ್ನೂ ಪಾಲಿಕಾದ ಮುಖ್ಯ ಆಡಳಿತಾಧಿಕಾರಿಯನ್ನೂ ಕಾಠ್ಮಂಡು ಕಳಿಸುತ್ತದೆ. ಅವರ ಬಡ್ತಿ, ವರ್ಗಾವಣೆ ಅಲ್ಲಿಯೇ. ಅವರ ನಿಷ್ಠೆಯೂ ಅಲ್ಲಿಯೇ ಇದ್ದರೆ ಆಶ್ಚರ್ಯವೇನು? ಶಾಲಾ ಶಿಕ್ಷಕರಂತೂ 2023ರಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ರಾಜಧಾನಿಗೆ ಬಂದು ಬೀದಿಯಲ್ಲಿ ಕೂತರು. ನಮ್ಮನ್ನು ಪಾಲಿಕಾಗಳ ಕೈಗೆ ಕೊಡಬೇಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು.

ದುಡ್ಡು ಹಂಚುವ ಸೂತ್ರ ಕಾಗದದಲ್ಲಿ ಚೆನ್ನಾಗಿದೆ. ಮೌಲ್ಯವರ್ಧಿತ ತೆರಿಗೆ ಮತ್ತು ಒಳನಾಡಿನ ಅಬಕಾರಿ ಸುಂಕದಲ್ಲಿ ಕೇಂದ್ರಕ್ಕೆ ನೂರಕ್ಕೆ 70, ಪ್ರಾಂತ್ಯಗಳಿಗೆ 15, ಸ್ಥಳೀಯ ಸರ್ಕಾರಗಳಿಗೆ 15. ಇದರ ಮೇಲೆ ನಾಲ್ಕು ಬಗೆಯ ಅನುದಾನ. ಕಾಟ ಕೊಡುವುದು ಷರತ್ತಿನ ಅನುದಾನ. ದುಡ್ಡು ನಿಮ್ಮ ಖಾತೆಗೆ ಬರುತ್ತದೆ, ಅದರಲ್ಲಿ ಏನು ಮಾಡಬೇಕು ಅನ್ನುವುದನ್ನು ಕಾಠ್ಮಂಡುವಿನ ಇಲಾಖೆ ಬರೆದು ಕಳಿಸಿರುತ್ತದೆ.

ಇದರ ಜೊತೆ ಪಕ್ಷಗಳ ಆಟ. ಕೇಂದ್ರದಲ್ಲಿ ಮೈತ್ರಿ ಬದಲಾದರೆ ಏಳು ಪ್ರಾಂತ್ಯಗಳಲ್ಲೂ ಸರ್ಕಾರ ಅಲ್ಲಾಡುತ್ತದೆ. ಕೋಶಿ ಪ್ರಾಂತ್ಯದಲ್ಲಿ 2023ರ ಒಂದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತೆದ್ದರು. ಪ್ರಾಂತ್ಯ ನಂಬರ್ 1 ಎಂದಿದ್ದ ಅದಕ್ಕೆ ಆ ವರ್ಷ ಮಾರ್ಚ್‌ನಲ್ಲಿ ಕೋಶಿ ಎಂಬ ಹೆಸರಿಟ್ಟಾಗ ಲಿಂಬು ಮತ್ತಿತರ ಜನಾಂಗಗಳು ಬೀದಿಗಿಳಿದವು, ಒಬ್ಬ ಪ್ರತಿಭಟನಾಕಾರ ಪ್ರಾಣ ಕಳೆದುಕೊಂಡ. ನದಿಯ ಹೆಸರಿನಲ್ಲಿ ತಮ್ಮ ಹೆಸರು ಮುಳುಗಿತು ಎಂಬುದು ಅವರ ನೋವು.

ಪೊಲೀಸ್ ಇಲ್ಲ, ಸಿಬ್ಬಂದಿ ಇಲ್ಲ, ಸ್ವಂತ ದುಡ್ಡು ಕಡಿಮೆ, ಮುಖ್ಯಮಂತ್ರಿಯನ್ನು ಆರಿಸುವುದು ಕಾಠ್ಮಂಡುವಿನ ಪಕ್ಷದ ಕಚೇರಿ. ಇಂಥ ಪ್ರಾಂತ್ಯವನ್ನು ನೋಡಿ "ಇದರಿಂದ ಏನು ಉಪಯೋಗ" ಎಂದು ಕೇಳುವವರಲ್ಲಿ ಅದನ್ನು ಹೀಗೆ ಮಾಡಿದವರೂ ಇದ್ದಾರೆ. ಪ್ರಾಂತ್ಯ ತೆಗೆದು, ಪಾಲಿಕಾ ಉಳಿಸಿಕೊಂಡರೆ ಸಾಕು ಅನ್ನುವ ಮಾತು ಜಾಣತನದ್ದು ಅನಿಸುತ್ತದೆ. ಆದರೆ 753 ಸಣ್ಣ ಸರ್ಕಾರಗಳಲ್ಲಿ ಒಂದಕ್ಕೂ ಕೇಂದ್ರದ ಎದುರು ನಿಂತು ಮಾತಾಡುವ ಶಕ್ತಿ ಇಲ್ಲ. ಸಾಗರನಾಥ್ ಅರಣ್ಯ ಯಾರದ್ದು ಎಂದು ಕೇಂದ್ರವನ್ನೇ ಸುಪ್ರೀಂ ಕೋರ್ಟಿಗೆ ಎಳೆದದ್ದು ಮಧೇಸ್ ಪ್ರಾಂತ್ಯ. ಒಂದು ಗಾಂವ್‌ಪಾಲಿಕಾ ಅದನ್ನು ಮಾಡಲಾರದು. ಜೊತೆಗೆ ಸುಮಾರು 61 ಲಕ್ಷ ಜನರ ಮಧೇಸ್‌ಗೆ, ನೀವು 2007ರಲ್ಲಿ ಪಡೆದದ್ದನ್ನು ವಾಪಸ್ ಕೊಡಿ ಎಂದು ಹೇಳುವುದು ಯಾರು, ಯಾವ ಬಾಯಲ್ಲಿ?

ಯಾವ ಸರ್ಕಾರಕ್ಕೂ ಸೇರದ ಕಡತ

ಅಧಿಕಾರ ಹಂಚುವಾಗ ಯಾರೂ ಕೈಯೊಡ್ಡದ ಒಂದು ಪಾಲಿತ್ತು. ಕಾಣೆಯಾದವರ ಹೆಸರನ್ನು 60 ದಿನಗಳಲ್ಲಿ ಹೇಳುತ್ತೇವೆ ಎಂದು 2006ರ ಒಪ್ಪಂದದಲ್ಲಿ ಎರಡೂ ಕಡೆಯವರು ಬರೆದುಕೊಟ್ಟಿದ್ದರು. ಸತ್ಯ ಶೋಧನೆಯ ಆಯೋಗ ಮತ್ತು ಕಾಣೆಯಾದವರ ಆಯೋಗ ಹುಟ್ಟಿದ್ದೇ 2015ರಲ್ಲಿ. ಮೊದಲನೆಯದಕ್ಕೆ 60 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಗಂಭೀರ ಅಪರಾಧಗಳಿಗೂ ಕ್ಷಮೆ ಕೊಡಲು ದಾರಿ ಬಿಟ್ಟಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ ಆ ವರ್ಷವೇ ತಳ್ಳಿಹಾಕಿತ್ತು. ಅದನ್ನು ತಿದ್ದಲು 2024ರ ಆಗಸ್ಟ್ ಆಯಿತು. ಮರುವರ್ಷ ಹೊಸ ಸದಸ್ಯರನ್ನು ನೇಮಿಸಿದಾಗ ಸಂತ್ರಸ್ತರೇ ವಿರೋಧಿಸಿದರು.

ಗೋರ್ಖಾದ ಒಬ್ಬ ತಂದೆ, ಮಾವೋವಾದಿಗಳು ಕೊಂದರೆನ್ನಲಾದ ಮಗನಿಗೆ ನ್ಯಾಯ ಕೇಳುತ್ತಾ 2014ರಲ್ಲಿ ಉಪವಾಸದಲ್ಲೇ ಸತ್ತರು. ಜೊತೆಗೇ ಉಪವಾಸ ಕೂತಿದ್ದ ಹೆಂಡತಿ, ನ್ಯಾಯ ಸಿಗುವವರೆಗೆ ಸಂಸ್ಕಾರ ಬೇಡ ಎಂದರು. ದೇಹ ವರ್ಷಗಟ್ಟಲೆ ಆಸ್ಪತ್ರೆಯ ಶವಾಗಾರದಲ್ಲೇ ಉಳಿಯಿತು. ಬರ್ದಿಯಾದ ಥಾರೂ ಹೆಂಗಸಿನ ಕಷ್ಟ ಇನ್ನೊಂದು ಥರ. ಗಂಡ ಕಾಣೆಯಾಗಿದ್ದಾನೆ, ಸತ್ತಿದ್ದಾನೆ ಅನ್ನಲು ದಾಖಲೆ ಇಲ್ಲ. ದಾಖಲೆ ಇಲ್ಲದೆ ಅವನ ಹೆಸರಿನಲ್ಲಿರುವ ಗದ್ದೆ ತನ್ನ ಹೆಸರಿಗೆ ಬರುವುದಿಲ್ಲ. ಸತ್ತನೆಂದು ತಾನೇ ಬರೆದುಕೊಟ್ಟರೆ, ಹುಡುಕಿಕೊಡಿ ಎಂದು ಕೇಳುವ ಹಕ್ಕು ಹೋದೀತೆಂಬ ಭಯ. ಪಾಲಿಕಾದ ಉಪಾಧ್ಯಕ್ಷೆ ಆಕೆಯ ಬದುವಿನ ಜಗಳ ತೀರಿಸಬಹುದು. ಈ ಕಡತ ಮುಟ್ಟುವ ಅಧಿಕಾರ ಆಕೆಗಿಲ್ಲ, ಪ್ರಾಂತ್ಯಕ್ಕೂ ಇಲ್ಲ. ಅಧಿಕಾರ ಇರುವ ಕೇಂದ್ರದಲ್ಲಿ ಸೇನೆಗೂ ಮಾವೋವಾದಿ ನಾಯಕರಿಗೂ ಆ ಕಡತ ತೆರೆಯುವುದು ಬೇಕಿಲ್ಲ. ಯುದ್ಧದಲ್ಲಿ ಎದುರಾಳಿಗಳಾಗಿದ್ದವರು ಈ ಒಂದು ವಿಷಯದಲ್ಲಿ ಮಾತ್ರ ಒಂದೇ ಕಡೆ ಇದ್ದಾರೆ.

2027ರಲ್ಲಿ ಏನಾಗುತ್ತದೆ

ಸೆಪ್ಟೆಂಬರ್ ದಂಗೆಯಿಂದ ಆದ ಒಂದು ಬದಲಾವಣೆ ಯಾರೂ ಯೋಚಿಸಿ ಮಾಡಿದ್ದಲ್ಲ. 2017ರಲ್ಲೂ 2022ರಲ್ಲೂ ಕೇಂದ್ರದ ಮತ್ತು ಪ್ರಾಂತ್ಯಗಳ ಚುನಾವಣೆ ಒಟ್ಟಿಗೇ ನಡೆದಿದ್ದವು. ಮತದಾರ ಪ್ರಧಾನಿ ಯಾರಾಗಬೇಕು ಅಂತ ಯೋಚಿಸಿ ಒತ್ತುತ್ತಿದ್ದ ಮುದ್ರೆ, ಹಾಗೇ ಪ್ರಾಂತ್ಯದ ಕಾಗದದ ಮೇಲೂ ಬೀಳುತ್ತಿತ್ತು. ಕೇಂದ್ರದಲ್ಲಿ ಟಿಕೆಟ್ ಸಿಗದವರಿಗೆ ಪ್ರಾಂತ್ಯದ ಟಿಕೆಟ್ ಸಮಾಧಾನದ ಬಹುಮಾನವಾಗಿತ್ತು. 2025ರಲ್ಲಿ ಕೆಳಮನೆ ಅವಧಿಗೆ ಮೊದಲೇ ಹೋದದ್ದರಿಂದ ಎರಡರ ಪಂಚಾಂಗ ಬೇರೆಯಾಗಿದೆ. ಪಾಲಿಕಾಗಳ ಅವಧಿ 2027ರಲ್ಲಿ ಮುಗಿಯುತ್ತದೆ, 2022ರ ನವೆಂಬರ್‌ನಲ್ಲಿ ಆರಿಸಿದ ಪ್ರಾಂತ್ಯ ಸಭೆಗಳದ್ದು ಅದರ ಹಿಂದೆಯೇ.

ಯಾರೂ ನಡುವೆ ಕೈ ಹಾಕದಿದ್ದರೆ, ಮೊದಲ ಸಲ ಪ್ರಾಂತ್ಯಗಳಿಗೆ ಅವುಗಳದ್ದೇ ಆದ ಚುನಾವಣೆ ನಡೆಯಬೇಕು. ಜನಕ್‌ಪುರದಲ್ಲಿ, ಸುರ್ಖೇತ್‌ನಲ್ಲಿ, ಬಿರಾಟ್‌ನಗರದಲ್ಲಿ ಅಭ್ಯರ್ಥಿ ಓಲಿ, ಪ್ರಚಂಡ, ದೇವುಬಾ ಹೆಸರಿನ ನೆರಳಿಲ್ಲದೆ ಪ್ರಾಂತ್ಯದ ಪೊಲೀಸ್, ಪ್ರಾಂತ್ಯದ ನೌಕರಿ, ಪ್ರಾಂತ್ಯದ ಭಾಷೆಯ ಬಗ್ಗೆ ಮಾತಾಡಿ ಮತ ಕೇಳಬೇಕಾಗುತ್ತದೆ. ಖರ್ಚು ಉಳಿಸುವ ನೆಪದಲ್ಲಿ ಆ ಚುನಾವಣೆಯನ್ನೇ ಮುಂದೂಡುವ ಯೋಚನೆ ಕಾಠ್ಮಂಡುವಿನಲ್ಲಿ ಯಾರಿಗಾದರೂ ಬಂದರೆ, ಮೊದಲ ಪ್ರತಿಕ್ರಿಯೆ ಬರುವುದು ಸಪ್ತರಿಯಿಂದ ಪರ್ಸಾವರೆಗಿನ ಆ ಎಂಟು ಜಿಲ್ಲೆಗಳ ಹೆದ್ದಾರಿಯಿಂದ.